ಒಡೆಯುವ ಮಾತ್ರೆ, ಜಾರುವ ಹರಳು

ಬೆಣ್ಣೆ ಕಾಯಿಸಿ, ಕೊನೆಗೊಂದು ವೀಳ್ಯದೆಲೆ ಹಾಕಿ ಇಳಿಸಿದ ತುಪ್ಪವನ್ನು ಎರಡು ಲೋಟಕ್ಕೆ ಸೋಸಿ. ಒಂದನ್ನು ಅಡುಗೆಕಟ್ಟೆ ಮೇಲೇ ಬಿಡಿ. ಇನ್ನೊಂದನ್ನು ಫ್ರಿಜ್ಜಿನಲ್ಲಿಡಿ. ನಿಧಾನವಾಗಿ ಆರಿದ್ದು ಮರಳು ಮರಳಾಗಿ ಹರಳುಗಟ್ಟುತ್ತದೆ. ಫ್ರಿಜ್ಜಿನದು ನುಣ್ಣಗಿರುತ್ತದೆ. ತುಪ್ಪ ಒಂದೇ, ಹರಳು ಬೆಳೆದ ರೀತಿ ಬೇರೆ ಅಷ್ಟೆ.

ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅದರಲ್ಲಿ ಅಣುಗಳ ಜೋಡಣೆಯೇ ಬದಲಾಗಬಲ್ಲದು. ಸಾಮಾನ್ಯವಾಗಿ ಸಿಗುವ ಒಂದನೇ ರೂಪದ ಹರಳಲ್ಲಿ ಅಣುಗಳು ಅಂಕುಡೊಂಕು ಪದರಗಳಾಗಿ ಕೂತಿರುತ್ತವೆ. ಚಾವಣಿಗೆ ಹೊದಿಸುವ ಏರಿಳಿತದ ಶೀಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಮೇಲಿನದನ್ನು ಅಡ್ಡಕ್ಕೆ ತಳ್ಳಿ ನೋಡಿ, ಕೆಳಗಿನ ಉಬ್ಬಿಗೆ ಸಿಕ್ಕಿ ನಿಲ್ಲುತ್ತದೆ. ಎರಡನೇ ರೂಪದಲ್ಲಿ ಪದರಗಳು ಚಪ್ಪಟೆ. ಇಸ್ಪೀಟ್ ಎಲೆಗಳಂತೆ ಸಲೀಸಾಗಿ ಜಾರುತ್ತವೆ.

ಜಾರಿದರೆ ಏನು ಲಾಭ? ಮಾತ್ರೆ ಮಾಡುವುದು ಅಂದರೆ ಪುಡಿಯನ್ನು ಅಚ್ಚಿಗೆ ಹಾಕಿ ಜೋರಾಗಿ ಒತ್ತುವುದು. ಪದರ ಜಾರಿದರೆ ಹರಳು ಒತ್ತಡಕ್ಕೆ ಬಗ್ಗಿ, ಪಕ್ಕದ ಹರಳಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಜಾರದಿದ್ದರೆ, ಒತ್ತಡ ತೆಗೆದ ಕೂಡಲೇ ಪುಡಿ ಹಿಂದಕ್ಕೆ ಪುಟಿಯುತ್ತದೆ. ಮಾತ್ರೆಯ ನೆತ್ತಿ ಬಿಲ್ಲೆಯಂತೆ ಕಳಚಿ ಬೀಳುತ್ತದೆ. ಮಾತ್ರೆ ತಯಾರಿಸುವವರು ಇದನ್ನು ಕ್ಯಾಪಿಂಗ್ ಅನ್ನುತ್ತಾರೆ. ಅದಕ್ಕೇ ಪ್ಯಾರಾಸಿಟಮಾಲ್ ಜೊತೆ ಅಂಟಿನ ಪದಾರ್ಥ ಸೇರಿಸಬೇಕಾಗುತ್ತದೆ.

ಹಾಗಾದರೆ ಎರಡನೇ ರೂಪವನ್ನೇ ಬಳಸಬಹುದಲ್ವಾ? ಅದು ಅಷ್ಟು ಸ್ಥಿರವಲ್ಲ. ಒಂದನೇ ರೂಪಕ್ಕೆ ಹೊರಳಿಕೊಳ್ಳುವ ಚಾಳಿ ಅದಕ್ಕಿದೆ. ಹರಳಿನ ಈ ಚಾಳಿ ಎಷ್ಟು ದುಬಾರಿಯಾಗಬಹುದು ಎಂದು ರಿಟೊನಾವಿರ್ ತೋರಿಸಿಕೊಟ್ಟಿತು. 1996ರಲ್ಲಿ ಮಾರುಕಟ್ಟೆಗೆ ಬಂದ ಎಚ್‌ಐವಿ ಔಷಧ ಅದು. 1998ರಲ್ಲಿ ಯಾರೂ ಕರೆಯದೆ ಅದರ ಹೊಸ ಹರಳೊಂದು ಹುಟ್ಟಿತು. ಅಣು ಅದೇ, ಆದರೆ ಕರಗುವುದು ತೀರಾ ಕಡಿಮೆ. ಕರಗದ ಔಷಧ ರಕ್ತ ಸೇರುವುದಾದರೂ ಹೇಗೆ? ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು.

ಹರಳು ತನಗೆ ಬೇಕಾದ ಹಾಗೆ ಕೂರುತ್ತದೆ, ನಿಜ. ನಮಗೆ ಬೇಕಾದ ಹಾಗೆ ಕೂರಿಸಲು ಹೊರಟ ವಿದ್ಯೆಗೆ ಕ್ರಿಸ್ಟಲ್ ಎಂಜಿನಿಯರಿಂಗ್ ಎಂದು ಹೆಸರು. ಇದನ್ನು ಬೆಳೆಸಿದವರಲ್ಲಿ ರಸಾಯನ ವಿಜ್ಞಾನಿ ಗೌತಮ್ ದೇಸಿರಾಜು ಒಬ್ಬರು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದ್ದವರು, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಅಣುಗಳು ಕೈ ಹಿಡಿಯುವುದರಲ್ಲಿ ಕೆಲವು ಪಟ್ಟುಗಳು ಮತ್ತೆ ಮತ್ತೆ ಕಾಣುತ್ತವೆ. 1995ರಲ್ಲಿ ಅವರು ಇಂಥ ಪಟ್ಟನ್ನು ಸುಪ್ರಾಮಾಲಿಕ್ಯುಲರ್ ಸಿಂಥಾನ್ ಎಂದು ಕರೆದರು. ಹೆಸರು ಉದ್ದವಾಯಿತು, ವಿಷಯ ಸರಳ. ಕಾರ್ಬಾಕ್ಸಿಲಿಕ್ ಆಮ್ಲದ ಎರಡು ಅಣುಗಳು ಹೆಚ್ಚಾಗಿ ಎದುರುಬದುರು ನಿಂತು ಜೋಡಿ ಹೈಡ್ರೋಜನ್ ಬಂಧ (ಹೈಡ್ರೋಜನ್ ನಡುವೆ ನಿಂತು ಅಣು ಅಣುವನ್ನು ಹಿಡಿದಿಡುವ ಸೆಳೆತ) ಮಾಡಿಕೊಳ್ಳುತ್ತವೆ, ಎರಡೂ ಕೈ ಹಿಡಿದು ಗಿರಗಿರ ತಿರುಗುವ ಮಕ್ಕಳ ಹಾಗೆ. ನಡುವೆ ನೈಟ್ರೋಜನ್ ಇರುವ ಪಿರಿಡಿನ್ ಎಂಬ ಇನ್ನೊಂದು ಅಣು ಬಂತೋ, ಆಮ್ಲ ಬಹಳ ಸಲ ತನ್ನವರ ಕೈ ಬಿಟ್ಟು ಪಿರಿಡಿನ್ನಿನ ನೈಟ್ರೋಜನ್ನನ್ನು ಹಿಡಿಯುತ್ತದೆ. ಯಾರು ಯಾರ ಕೈ ಹಿಡಿಯುತ್ತಾರೆ ಅನ್ನುವ ಅಂದಾಜು ಸಿಕ್ಕರೆ ಎರಡು ಬೇರೆ ಬೇರೆ ಅಣುಗಳನ್ನು ಒಂದೇ ಹರಳಲ್ಲಿ ಕೂರಿಸಬಹುದು. ಇದು ಕೋಕ್ರಿಸ್ಟಲ್, ಜೊತೆಹರಳು ಅನ್ನಿ. ಅಂದಾಜು ಎಷ್ಟೋ ಸಲ ತಪ್ಪುತ್ತದೆ, ಅದೂ ಇದೆ.

ಮತ್ತೆ ಪ್ಯಾರಾಸಿಟಮಾಲ್‌ಗೆ ಬರೋಣ. 2009ರಲ್ಲಿ ಕೇಂಬ್ರಿಜ್‌ನ ವಿಲಿಯಂ ಜೋನ್ಸ್ ಮತ್ತು ಸಂಗಡಿಗರು ಅದಕ್ಕೆ ಇಂಥ ಜೊತೆಗಾರರನ್ನು ಹುಡುಕಿದರು. ಅಣುವನ್ನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಔಷಧವೇ ಬೇರೆಯಾಗುತ್ತದೆ. ಬೇಕಿದ್ದದ್ದು ಜಾರುವ ಪದರ. ಆಕ್ಸಾಲಿಕ್ ಆಮ್ಲ, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಫೆನಜಿನ್ ಎಂಬ ರಾಸಾಯನಿಕ, ನ್ಯಾಫ್ತಲೀನ್ ಇವುಗಳ ಜೊತೆ ಪದರದ ಹರಳುಗಳು ಸಿಕ್ಕವು. ಒತ್ತಿದರೆ ಒಳ್ಳೆಯ ಮಾತ್ರೆಯೂ ಆದವು. ನ್ಯಾಫ್ತಲೀನ್ ಅಂದರೆ ಬೀರುವಿನಲ್ಲಿಡುವ ನುಸಿಗುಳಿಗೆ! ಮಾತ್ರೆ ಎಷ್ಟೇ ಗಟ್ಟಿಯಾದರೂ ಅದನ್ನು ಯಾರು ನುಂಗುತ್ತಾರೆ? ಥಿಯೋಫಿಲಿನ್ ಕೂಡ ಜ್ವರ ಬಂದವರಿಗೆಲ್ಲ ಸುಮ್ನೆ ಕೊಡುವಂಥದ್ದಲ್ಲ. ಹಾಗಾಗಿ ಅಂಗಡಿಯಿಂದ ನಾವು ತರುವ ಪ್ಯಾರಾಸಿಟಮಾಲ್ ಇವತ್ತಿಗೂ ಸಾಮಾನ್ಯವಾಗಿ ಆ ಜಾರದ ಒಂದನೇ ರೂಪವೇ, ಅಂಟಿನ ಸಮೇತ.