ಡೇಟಾಬೇಸ್ ಸೇರದ ದಾಖಲೆಗೆ ಐಡಿ ಎಲ್ಲಿಂದ ತರುವುದು?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ವೆಬ್ ಅಪ್ಲಿಕೇಶನ್ ಬರೆಯುತ್ತಿದ್ದೇನೆ. ಹೊಸ ರೈತರ ವಿವರ, ಅವರು ತಂದ ಲಾಟುಗಳು (ಮಾರಾಟಕ್ಕೆ ತಂದ ಚೀಲಗಳ ಗುಂಪುಗಳು) ಎಲ್ಲವೂ ಒಂದೇ ಫಾರ್ಮಿನಲ್ಲಿವೆ. ಡೇಟಾಬೇಸಿನಲ್ಲಿ ಉಳಿಸುವವರೆಗೆ ರೈತರಿಗೆ ಐಡಿ (ದಾಖಲೆಯನ್ನು ಗುರುತಿಸುವ ಸಂಕೇತ) ಇಲ್ಲ, ಐಡಿ ಇಲ್ಲದೆ ಲಾಟು ಜೋಡಿಸಲಾಗದು. ‘ಲಾಟು ಸೇರಿಸಿ’ ಒತ್ತಿದ ಕೂಡಲೇ ರೈತರನ್ನು ಮೊದಲು ಉಳಿಸಿಬಿಡಲೇ?

ಉತ್ತರ: ಬೇಡ. ನಾನೂ ಒಮ್ಮೆ ಹಾಗೆ ಮಾಡಿ ಪಶ್ಚಾತ್ತಾಪ ಪಟ್ಟಿದ್ದೇನೆ. ಗುಮಾಸ್ತರು ಅರ್ಧ ತುಂಬಿಸಿ ಬಿಟ್ಟ ಪ್ರತಿ ಫಾರ್ಮಿಗೂ ಒಬ್ಬ ರೈತ ಹುಟ್ಟಿಕೊಂಡಿದ್ದ: ಹೆಸರಿದೆ, ಲಾಟಿಲ್ಲ.

ಅಂಗಡಿಯಲ್ಲೇ ನೋಡಿ. ಚೀಲ ಗಾಡಿಯಿಂದ ಇಳಿದಾಗಲೇ ಅದರ ಮೇಲೆ ಚೀಟಿ ಬೀಳಬೇಕು. ಲೆಕ್ಕದ ಪುಸ್ತಕಕ್ಕೆ ಏರುವುದು ಆಮೇಲೆ. ಐಡಿಯನ್ನೂ ಹಾಗೆಯೇ ಬ್ರೌಸರಿನಲ್ಲೇ ಹುಟ್ಟಿಸಿ. ಈಗಿನ ಬ್ರೌಸರುಗಳ ಕ್ರಿಪ್ಟೊ ಸೌಲಭ್ಯದಲ್ಲಿ ಯುಯುಐಡಿ, ಅಂದರೆ ಮತ್ತೆಲ್ಲೂ ಬರದಂಥ ಉದ್ದನೆಯ ಐಡಿ, ಕೊಡುವ ಫಂಕ್ಷನ್ ಇದೆ. ಆ ಐಡಿಯ 128 ಬಿಟ್‌ಗಳಲ್ಲಿ 122 ಯಾದೃಚ್ಛಿಕ. ಎರಡು ಐಡಿಗಳು ಡಿಕ್ಕಿ ಹೊಡೆಯುವ ಚಿಂತೆ ಬೇಡ. ಆದರೆ ಆ ಫಂಕ್ಷನ್ ಸಿಗುವುದು ಸುರಕ್ಷಿತ ಎಚ್‌ಟಿಟಿಪಿಎಸ್ ಪುಟದಲ್ಲಿ ಅಥವಾ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ನಿಮ್ಮದೇ ಕಂಪ್ಯೂಟರಿನಲ್ಲಿ ಓಡಿಸುವಾಗ, ಮಾತ್ರ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಅಂಗಡಿಯ ಬರಿಯ ಎಚ್‌ಟಿಟಿಪಿ ವಿಳಾಸದಲ್ಲಿ ಮುಗ್ಗರಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ಇನ್ನು ಡಬ್ಬಿ ಮೆಣಸಿನಕಾಯಿ ಮೂರು ಚೀಲ, ಕಡ್ಡಿ ಮೆಣಸಿನಕಾಯಿ ಐದು ಚೀಲ ಎಂದು ಬೇಕಾದಷ್ಟು ಸಾಲು ಸೇರಿಸಿ, ಅಳಿಸಿ. ಡೇಟಾಬೇಸಿಗೆ ಸುದ್ದಿಯೇ ಇರುವುದಿಲ್ಲ. ಕೊನೆಗೆ ರೈತರನ್ನೂ ಲಾಟುಗಳನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ (ಸೇರಿದರೆ ಎಲ್ಲವೂ, ಇಲ್ಲವಾದರೆ ಯಾವುದೂ ಇಲ್ಲ) ಕಳುಹಿಸಿ. ನೆಟ್‌ವರ್ಕ್ ನಿಧಾನವೆಂದು ಯಾರಾದರೂ ‘ಉಳಿಸಿ’ಯನ್ನು ಎರಡು ಸಲ ಒತ್ತಿದರೆ ಅದೇ ಐಡಿ ಮತ್ತೆ ಬರುತ್ತದೆ, ಒಂದು ಐಡಿಗೆ ಒಂದೇ ದಾಖಲೆ ಎನ್ನುವ ಡೇಟಾಬೇಸಿನ ಪ್ರೈಮರಿ ಕೀ ತಡೆಯುತ್ತದೆ. ಅದನ್ನು ದೋಷವೆಂದು ಕೆಂಪಕ್ಷರದಲ್ಲಿ ತೋರಿಸಬೇಡಿ. ‘ಆಗಲೇ ಉಳಿದಿದೆ’ ಎನ್ನಿ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಐಡಿ ಖಾಲಿಯಿದ್ದರೆ ಹೊಸದು, ಇದ್ದರೆ ಹಳೆಯದು ಎಂದು ಎಣಿಸುವ ಲೈಬ್ರರಿಗಳಿವೆ; ನಿಮ್ಮ ಹೊಸ ರೈತರಿಗೆ ಐಡಿ ಆಗಲೇ ಇರುವುದರಿಂದ ಅವು ಹಳೆಯದೆಂದು ತಿಳಿಯುತ್ತವೆ. ಜಾವಾದಲ್ಲಿ ಡೇಟಾಬೇಸ್ ಕೆಲಸ ಮಾಡುವ ಸ್ಪ್ರಿಂಗ್ ಡೇಟಾ ಜೆಪಿಎ ಲೈಬ್ರರಿ ಬಳಸುತ್ತಿದ್ದರೆ ವರ್ಷನ್ ಕಾಲಮ್ ಒಂದನ್ನು ಸೇರಿಸಿ. ಆ ಕಾಲಮ್ ಖಾಲಿಯಿದ್ದರೆ ದಾಖಲೆ ಹೊಸದೆಂದು ಲೈಬ್ರರಿಗೆ ತಿಳಿಯುತ್ತದೆ.

ಕರೆಂಟ್ ಹೋದರೆ? ಅರ್ಧ ತುಂಬಿದ ಫಾರ್ಮಿನ ಕರಡನ್ನು ಅದೇ ಐಡಿಯ ಹೆಸರಿನಲ್ಲಿ ಬ್ರೌಸರಿನದೇ ಉಗ್ರಾಣವಾದ ಲೋಕಲ್ ಸ್ಟೋರೇಜಿನಲ್ಲಿಡಿ. ಅಲ್ಲಿ ಸುಮಾರು 5 ಎಂಬಿ ಜಾಗವಿದೆ, ಫಾರ್ಮಿಗೆ ಧಾರಾಳ. ಪುಟ ಮುಚ್ಚುವಾಗ ಉಳಿಸಿದರಾಯಿತು ಎಂದು ಕಾಯಬೇಡಿ. ಕರೆಂಟ್ ಹೇಳಿ ಹೋಗುವುದಿಲ್ಲ, ಮೊಬೈಲಿನಲ್ಲಂತೂ ಮುಚ್ಚುವ ಮುನ್ನಿನ ಎಚ್ಚರಿಕೆಯನ್ನು ನಂಬುವಂತಿಲ್ಲ. ಟೈಪಿಂಗ್ ನಿಂತ ಒಂದೆರಡು ಸೆಕೆಂಡಿಗೆ ಬರೆಯಿರಿ. ಸರ್ವರ್ ‘ಸೇರಿತು’ ಎಂದ ಮೇಲಷ್ಟೇ ಕರಡನ್ನು ಅಳಿಸಿ. ಅಂಗಡಿಯ ಕಂಪ್ಯೂಟರಿನ ಮುಂದೆ ದಿನಕ್ಕೆ ನಾಲ್ವರು ಕೂರುತ್ತಾರೆ. ಹಾಗಾಗಿ ರೈತರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಮಾತ್ರ ಕರಡಿಗೆ ಸೇರಿಸಬೇಡಿ. ಅದನ್ನು ಮತ್ತೊಮ್ಮೆ ಟೈಪ್ ಮಾಡಬೇಕಾದರೆ ಮಾಡಲಿ.