ತಾಯಿ ಕಾಣದ ಮರಿ

‘45 ದಿನದ ಲ್ಯಾಬ್ (ಲ್ಯಾಬ್ರಡಾರ್) ನಾಯಿಮರಿ, ಫಸ್ಟ್ ಇಂಜೆಕ್ಷನ್ ಆಗಿದೆ, ಪೇಪರ್ ಬೇಕಾದ್ರೆ ಎಕ್ಸ್‌ಟ್ರಾ, ಕರ್ನಾಟಕದಲ್ಲಿ ಎಲ್ಲಿಗೆ ಬೇಕಾದ್ರೂ ಡೆಲಿವರಿ.’ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಾಲು ದಿನಾ ಓಡಾಡುತ್ತಿರುತ್ತದೆ. ಕಾನೂನು ಗೊತ್ತಿದ್ದವರ ಕಣ್ಣಿಗೆ ಇದು ತಪ್ಪೊಪ್ಪಿಗೆಯ ಹಾಗೆ ಕಾಣುತ್ತದೆ. ಎಂಟು ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಜಾಹೀರಾತಿನಲ್ಲಿ ಆ ಸಂಖ್ಯೆಯ ಸುಳಿವೇ ಇಲ್ಲ. ವಂಶಾವಳಿಯ ಕಾಗದ ಮರಿಯ ಜೊತೆಗೆ ಹುಟ್ಟುವಂಥದ್ದು, ಬೇಕಿದ್ದರೆ ಹಾಕಿಸಿಕೊಳ್ಳುವ ಸೀಟ್ ಕವರ್ ಅಲ್ಲ. ಇನ್ನು ‘ಡೆಲಿವರಿ’ ಎಂದರೆ ತಾಯಿ ನಾಯಿಯನ್ನು ನೀವು ನೋಡುವುದಿಲ್ಲ ಎಂದೇ ಅರ್ಥ.

45 ದಿನ ಎಂಬುದು ವ್ಯಾಪಾರದ ಲೆಕ್ಕ. ಆ ಹೊತ್ತಿಗೆ ಮರಿಗಳ ಹಲ್ಲು ಚೂಪಾಗಿ ತಾಯಿ ಹಾಲು ಕೊಡಲು ಒಲ್ಲೆ ಎನ್ನುತ್ತದೆ, ಆಹಾರದ ಖರ್ಚು ಬ್ರೀಡರ್, ಅಂದರೆ ಮರಿ ಹಾಕಿಸಿ ಮಾರುವವನ ತಲೆಗೆ ಬೀಳುತ್ತದೆ. ಮರಿ ಉಂಡೆಯಂತೆ ಮುದ್ದಾಗಿರುವುದೂ ಆಗಲೇ.

ಈ ವ್ಯಾಪಾರಕ್ಕೆ ನಮ್ಮ ದೇಶದಲ್ಲಿ ಬಹುಕಾಲ ನಿಯಮವೇ ಇರಲಿಲ್ಲ. ರಾಜ್ಯಸಭೆಯಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ತಂದ ಖಾಸಗಿ ಮಸೂದೆ ಎಬ್ಬಿಸಿದ ಚರ್ಚೆಯ ಫಲವಾಗಿ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಅದರ ಕಣ್ಣೆದುರು ಇದ್ದದ್ದು ಭಾರ ಎಳೆಯುವ ಎತ್ತು, ಪ್ರಯೋಗಶಾಲೆಯ ಪ್ರಾಣಿ, ಸರ್ಕಸ್ಸಿನ ಪ್ರಾಣಿ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಯಿ ಸಾಕಿ ಮರಿ ಮಾರುವುದು ಒಂದು ದಂಧೆಯಾದೀತು ಎಂದು ಆಗ ಯಾರಿಗೂ ಹೊಳೆದಿರಲಾರದು. ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇಂದಿಗೂ ಅಷ್ಟೇ.

ಬೇಡಿಕೆ ಉಕ್ಕಿದ್ದು ಉದಾರೀಕರಣದ ನಂತರದ ನಗರಗಳಲ್ಲಿ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆಯುವ ಪಗ್ ಬಂದದ್ದೇ ತಡ, ಎಲ್ಲರಿಗೂ ‘ಹಚ್ ನಾಯಿ’ ಬೇಕಾಯಿತು. ಪಗ್ ಮೂತಿ ಚಪ್ಪಟೆ. ನಾಯಿ ಮೈಯ ಬಿಸಿಯನ್ನು ಮುಖ್ಯವಾಗಿ ಏದುಸಿರಿನಿಂದ ಹೊರಹಾಕುತ್ತದೆ. ಉಸಿರಿನ ದಾರಿಯೇ ಕಿರಿದಾದರೆ ಕಲಬುರಗಿಯ ಮೇ ತಿಂಗಳನ್ನು ಅದು ಹೇಗೆ ಕಳೆಯಬೇಕು? ಆಮೇಲೆ ಹಸ್ಕಿಯ ಸರದಿ. ಹಿಮದ ನಾಡಿನ ಆ ನಾಯಿಗೆ ಎರಡು ಪದರದ ತುಪ್ಪಳ. ಪ್ರತಿ ಅಲೆಯ ಹಿಂದೆಯೂ ನಡೆಯುವುದು ಒಂದೇ: ಇರುವ ನಾಲ್ಕಾರು ನಾಯಿಗಳನ್ನೇ ತಮ್ಮ ತಮ್ಮಲ್ಲೇ ಕ್ರಾಸ್ ಮಾಡಿಸಿ ಬೇಗ ಬೇಗ ಮರಿ ತೆಗೆಯುವುದು.

ಸಾಕುಪ್ರಾಣಿ ಅಂಗಡಿಗಳ ಬಗ್ಗೆ 2010ರಲ್ಲೇ ಕರಡು ನಿಯಮ ತಯಾರಾಗಿ ದೂಳು ತಿನ್ನುತ್ತ ಕೂತಿತ್ತು. 2015ರ ಆಗಸ್ಟ್‌ನಲ್ಲಿ ಕಾನೂನು ಆಯೋಗ ತನ್ನ 261ನೇ ವರದಿಯನ್ನು ಇದಕ್ಕೇ ಮೀಸಲಿಟ್ಟು, ಸಾಕುಪ್ರಾಣಿ ಅಂಗಡಿ, ನಾಯಿ ಮತ್ತು ಅಲಂಕಾರಿಕ ಮೀನಿನ ಸಾಕಣೆಗೆ ಕಡಿವಾಣ ಬೇಕೆಂದಿತು. 2016ರ ಏಪ್ರಿಲ್‌ನಲ್ಲಿ ವಾಣಿಜ್ಯ ಸಾಕಣೆಗಾಗಿ ವಿದೇಶಿ ನಾಯಿ ತರಿಸುವುದಕ್ಕೆ ಕೇಂದ್ರ ನಿರ್ಬಂಧ ಹಾಕಿತು. ಕೊನೆಗೆ 2017ರ ಮೇ 23ರಂದು ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳು ಗೆಜೆಟ್‌ಗೆ ಬಂದವು. ಅದೇ ದಿನ ಜಾನುವಾರು ಸಂತೆಯ ನಿಯಮಗಳೂ ಹೊರಬಿದ್ದು, ದೇಶದ ಗಮನವೆಲ್ಲ ಗೋಹತ್ಯೆಯ ಗಲಾಟೆಯತ್ತ ಹೋಯಿತು. ನಾಯಿಯ ನಿಯಮ ಬಂದದ್ದು ಎಷ್ಟೋ ಬ್ರೀಡರುಗಳಿಗೇ ತಿಳಿಯಲಿಲ್ಲ. ಕೊಳ್ಳುವವರಿಗಂತೂ ಇಂದಿಗೂ ತಿಳಿದಿಲ್ಲ.

ಆ ನಿಯಮಗಳನ್ನು ಕೂತು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅದರ ಮುಖ್ಯ ಷರತ್ತುಗಳೆಲ್ಲ ತಾಯಿಯ ಸುತ್ತಲೇ ಇವೆ. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು ಕ್ರಾಸ್ ಮಾಡಿಸಕೂಡದು. ವರ್ಷಕ್ಕೆ ಒಂದೇ ಸೂಲು. ಜೀವಮಾನಕ್ಕೆ ಐದೇ ಸೂಲು. ಎಂಟು ವರ್ಷ ದಾಟಿದ ಮೇಲೆ ಅದೂ ಇಲ್ಲ. ಈ ಅಂಕಿಗಳ ಹಿಂದಿನ ಲೆಕ್ಕ ಸರಳ. ನಾಯಿ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗಬ್ಬದ ಅವಧಿ 63 ದಿನ, ಆಮೇಲೆ ಎರಡು ತಿಂಗಳು ಹಾಲೂಡಿಸುವ ಕೆಲಸ. ಪ್ರತಿ ಬೆದೆಯಲ್ಲೂ ಕ್ರಾಸ್ ಮಾಡಿಸಿದರೆ ಮೈ ಚೇತರಿಸಿಕೊಳ್ಳಲು ಉಳಿಯುವುದು ಎರಡು-ಮೂರು ತಿಂಗಳು ಮಾತ್ರ. ಒಂಬತ್ತನೇ ತಿಂಗಳ ಮೊದಲ ಬೆದೆಯಿಂದಲೇ ಶುರುಮಾಡಿದವರ ನಾಯಿ ಮೂರು ವರ್ಷ ತುಂಬುವ ಹೊತ್ತಿಗೆ ಐದನೇ ಸೂಲಿನಲ್ಲಿರುತ್ತದೆ. ಕಾನೂನು ಒಂದು ಬಾಳಿಗೆ ಕೊಟ್ಟ ಲೆಕ್ಕ ಅಲ್ಲಿಗೇ ಮುಗಿದಿರುತ್ತದೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತೇವಲ್ಲ, ಮರಿ ಕೊಳ್ಳುವಾಗ ಮಾತ್ರ ಎಲ್ಲರೂ ಸೀರೆಯನ್ನೇ ನೋಡಿ ಬರುತ್ತಾರೆ. ತಾಯಿಯನ್ನು ತೋರಿಸಿ ಎಂದು ಕೇಳಿ. ‘ಕಚ್ಚುತ್ತೆ’, ‘ಫಾರ್ಮ್‌ನಲ್ಲಿದೆ’, ‘ಫ್ರೆಂಡ್ ಮನೇಲಿದೆ’ ಎಂಬ ಉತ್ತರ ಬಂದರೆ ಅಲ್ಲಿಂದ ಹೊರಡಬಹುದು. ತೋರಿಸಿದರೆ ಮರಿಗಳಿಗೆ ಅದು ನಿಜವಾಗಿ ಹಾಲೂಡಿಸುತ್ತದೆಯೇ ಗಮನಿಸಿ. ಬೇರೆ ಯಾವುದೋ ನಾಯಿಯನ್ನು ತಂದು ನಿಲ್ಲಿಸುವುದೂ ಉಂಟು. ಹಾಲೂಡಿಸುವ ನಾಯಿ ತುಸು ಸೊರಗುವುದು ಸಹಜ. ಆದರೆ ಪಕ್ಕೆಲುಬು ಎಣಿಸುವಂತಿದ್ದರೆ, ಮೊಣಕೈ ಮೇಲೆ ಕೂದಲುದುರಿ ದಡ್ಡು ಕಟ್ಟಿದ್ದರೆ, ಉಗುರು ಬಾಗಿ ಬೆಳೆದಿದ್ದರೆ, ಅದು ನೆಲ ಕಾಣದೆ ಬೋನಿನಲ್ಲೇ ಕಳೆಯುತ್ತಿದೆ. ತುಟಿ ಎತ್ತಿ ಕೋರೆಹಲ್ಲಿನ ಹಿಂಬದಿ ನೋಡಲು ಸಾಧ್ಯವಾದರೆ ನೋಡಿ. ಕಬ್ಬಿಣದ ಸರಳು ಕಚ್ಚಿ ಕಚ್ಚಿ ಆ ಭಾಗ ಅರ ಹಾಕಿದಂತೆ ಸವೆದಿರುತ್ತದೆ. ಕಾಲಿನ ಒಳಬದಿಯ ಕೂದಲು ಹಳದಿಗಟ್ಟಿ ಚರ್ಮ ಸುಟ್ಟಂತಿದ್ದರೆ ಮೂತ್ರದ ಮೇಲೇ ಮಲಗುತ್ತಿದೆ ಎಂದರ್ಥ.

ಮರಿಯ ವಯಸ್ಸು ಅದರ ಬಾಯಲ್ಲೇ ಬರೆದಿರುತ್ತದೆ. ಹಾಲುಹಲ್ಲು ಒಟ್ಟು 28: ಮೇಲೆ ಕೆಳಗೆ ಆರಾರು ಬಾಚಿಹಲ್ಲು, ನಾಲ್ಕು ಕೋರೆ, ಹನ್ನೆರಡು ದವಡೆಹಲ್ಲು. ಕೋರೆ ಮತ್ತು ಬಾಚಿಹಲ್ಲು ಮೂರರಿಂದ ಐದನೇ ವಾರದೊಳಗೆ ಬರುತ್ತವೆ. ದವಡೆಹಲ್ಲು ಸಾಲಾಗಿ ತುಂಬುವುದು ಎಂಟನೇ ವಾರದ ಹೊತ್ತಿಗೆ. ‘ಎರಡು ತಿಂಗಳಾಗಿದೆ ಸಾರ್’ ಎಂದು ಕೊಟ್ಟ ಮರಿಯ ಹಿಂದಿನ ಒಸಡು ಬೋಳಾಗಿದ್ದರೆ ಮಾತು ಸುಳ್ಳು. ಗುಡಾಣದಂತೆ ಉಬ್ಬಿದ ಹೊಟ್ಟೆಯನ್ನು ‘ಚೆನ್ನಾಗಿ ತಿನ್ನುತ್ತೆ’ ಎಂದು ತೋರಿಸುತ್ತಾರೆ. ಹೆಚ್ಚಿನ ಸಲ ಅದು ಜಂತುಹುಳು. ಎರಡನೇ ವಾರದಿಂದಲೇ ಹದಿನೈದು ದಿನಕ್ಕೊಮ್ಮೆ ಹುಳದ ಔಷಧಿ ಕೊಡಬೇಕಿತ್ತು, ಕೊಟ್ಟಿಲ್ಲ.

ಬೇಗ ಬೇರ್ಪಡಿಸಿದರೆ ಏನಾಗುತ್ತದೆ? ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಆರನೇ ವಾರದಿಂದಾಚೆ ಇಳಿಯತೊಡಗುತ್ತದೆ. ಇಳಿಯುವ ನಡುವೆ ಒಂದು ಕೆಟ್ಟ ಸಂದು ಬರುತ್ತದೆ: ಮರಿಗಳ ಕರುಳಿಗೆ ತಗಲುವ ಪಾರ್ವೊ ವೈರಸ್ಸನ್ನು ತಡೆಯುವಷ್ಟು ಶಕ್ತಿ ಉಳಿದಿರುವುದಿಲ್ಲ, ಹಾಕಿದ ಲಸಿಕೆಯನ್ನು ವ್ಯರ್ಥ ಮಾಡುವಷ್ಟು ಮಾತ್ರ ಉಳಿದಿರುತ್ತದೆ. ಅದಕ್ಕಾಗಿಯೇ ಲಸಿಕೆಯನ್ನು 16 ವಾರದವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕುವುದು. ಆ ಸಂದಿನಲ್ಲೇ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ತುಂಬಿ ರಾತ್ರಿ ಬಸ್ಸಿಗೆ ಹಾಕಿದರೆ, ಮನೆಗೆ ಬಂದ ಮೂರರಿಂದ ಏಳು ದಿನದೊಳಗೆ ವಾಂತಿ, ರಕ್ತಭೇದಿ. ಬ್ರೀಡರ್ ‘ನಮ್ಮಲ್ಲಿದ್ದಾಗ ಚೆನ್ನಾಗೇ ಇತ್ತು’ ಎನ್ನುತ್ತಾನೆ. ಸೋಂಕಿನಿಂದ ಲಕ್ಷಣದವರೆಗಿನ ಅವಧಿಯೇ ಮೂರರಿಂದ ಏಳು ದಿನ; ಅವನಲ್ಲೇ ತಗುಲಿರುವ ಸಾಧ್ಯತೆ ಹೆಚ್ಚು. ಅಲ್ಲದೆ ಆ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಅದೇ ಮನೆಗೆ ಬದಲಿ ಮರಿ ತಂದರೆ ಅದಕ್ಕೂ ಅದೇ ಗತಿ.

ಇನ್ನು ಕಾಗದಗಳು. ಮೂರನ್ನು ಜನ ಕಲಸಿಕೊಳ್ಳುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ, ಅಂದರೆ ಕೆಸಿಐ ಕಾಗದ ವಂಶಾವಳಿಯನ್ನು ಹೇಳುತ್ತದೆ, ಆರೋಗ್ಯವನ್ನಲ್ಲ. ನಗರಪಾಲಿಕೆಯ ಲೈಸೆನ್ಸ್ ನಾಯಿ ಸಾಕುವವರಿಗೆ. ಮರಿ ಮಾರಲು ಬೇಕಿರುವುದು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ: ಶುಲ್ಕ 5,000 ರೂಪಾಯಿ, ಅವಧಿ ಎರಡು ವರ್ಷ, ಬೇರೆಯವರಿಗೆ ವರ್ಗಾಯಿಸಲಾಗದು, ಎದ್ದು ಕಾಣುವಂತೆ ಗೋಡೆಗೆ ತೂಗುಹಾಕಿರಬೇಕು. ‘ನಾನು ಬ್ರೀಡರ್ ಅಲ್ಲ, ಮಧ್ಯದವನು’ ಎಂಬ ಮಾತು ನಡೆಯದು. ದಲ್ಲಾಳಿ, ವ್ಯಾಪಾರಿ, ಬೋರ್ಡಿಂಗ್ ಕೆನಲ್‌ನವರೂ ನಿಯಮದ ವ್ಯಾಖ್ಯೆಯೊಳಗೇ ಬರುತ್ತಾರೆ. ಮಾರುವ ಮರಿಗೆ ಚರ್ಮದಡಿ ಕೂರಿಸುವ ಗುರುತಿನ ಮೈಕ್ರೋಚಿಪ್ ಇರಬೇಕು, ಅದರ ಸಂಖ್ಯೆ 15 ಅಂಕಿ. ಪಶುವೈದ್ಯರ ಬಳಿ ಸ್ಕ್ಯಾನರ್ ಹಿಡಿಸಿ ಕಾಗದದ ಸಂಖ್ಯೆಗೆ ತಾಳೆ ನೋಡಿ. ಲಸಿಕೆ ಕಾರ್ಡಿನಲ್ಲಿ ಸೀಸೆಯ ಸ್ಟಿಕ್ಕರ್, ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ನೋಂದಣಿ ಸಂಖ್ಯೆ ಇರಬೇಕು. ಎಲ್ಲ ದಿನಾಂಕ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದಿದ್ದರೆ ಅನುಮಾನಿಸಿ. 45 ದಿನದ ಮರಿಗೆ ರೇಬೀಸ್ ಲಸಿಕೆಯೂ ಆಗಿದೆ ಎಂದು ಕಾರ್ಡು ಹೇಳಿದರೆ ಅನುಮಾನವೂ ಬೇಕಿಲ್ಲ. ಅದನ್ನು ಹಾಕುವುದು ಮೂರು ತಿಂಗಳ ಹೊತ್ತಿಗೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಬೇರೆಯೇ ದಾರಿ ಹಿಡಿದು ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳ ಸಾಕಣೆ, ಮಾರಾಟ ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಸರಿಯಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ಆ ಹೊತ್ತಿಗೆ ಏಳು ವರ್ಷದಿಂದ ಇದ್ದ ನಿಯಮವನ್ನು ನೆಟ್ಟಗೆ ಜಾರಿಮಾಡಿದ್ದರೆ ಆ ಸುತ್ತೋಲೆಯ ಅಗತ್ಯವೇ ಬೀಳುತ್ತಿರಲಿಲ್ಲ ಎನ್ನಿಸುತ್ತದೆ.

ದೂರು ಕೊಡುವ ವಿಷಯಕ್ಕೆ ಬಂದರೆ, ಮೊದಲು ಮಾಡಬಾರದ್ದು ಎರಡು. ಸ್ಥಳದಲ್ಲಿ ಜಗಳ ತೆಗೆಯಬೇಡಿ, ರಾತ್ರೋರಾತ್ರಿ ನಾಯಿಗಳು ಬೇರೆ ಶೆಡ್ಡಿಗೆ ಹೋಗುತ್ತವೆ. ಅಯ್ಯೋ ಪಾಪ ಎಂದು ಸೊರಗಿದ ಮರಿಯನ್ನು ದುಡ್ಡು ಕೊಟ್ಟು ‘ಉಳಿಸಬೇಡಿ’. ಆ ಹಣ ಮುಂದಿನ ಸೂಲಿನ ಬಂಡವಾಳ. ಜಾಹೀರಾತಿನ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ, ಫೋನ್ ನಂಬರ್, ಯುಪಿಐ ರಸೀದಿ, ಚಾಟ್, ಸ್ಥಳದ ವಿಳಾಸ ಕೂಡಿಸಿಟ್ಟುಕೊಳ್ಳಿ. ಮರಿ ಕೊಂಡಾಗಿದ್ದರೆ ಹಲ್ಲಿನಿಂದ ಅಂದಾಜಿಸಿದ ವಯಸ್ಸು, ಚಿಪ್ ಇದೆಯೇ ಇಲ್ಲವೇ, ರೋಗಲಕ್ಷಣ ಇವನ್ನು ಪಶುವೈದ್ಯರಿಂದ ಬರಹದಲ್ಲಿ ಪಡೆಯಿರಿ. ಸತ್ತರೆ ಕೂಡಲೇ ಹೂಳಬೇಡಿ. ತಣ್ಣಗಿಟ್ಟು, ಹೆಪ್ಪುಗಟ್ಟಿಸದೆ, ಒಂದು ದಿನದೊಳಗೆ ಮರಣೋತ್ತರ ಪರೀಕ್ಷೆ ಮಾಡಿಸಿ. ಬೆಂಗಳೂರಿನಲ್ಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ.

ನೋಂದಣಿ ಇದೆಯೇ ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಎಂಬುದು ನೆನಪಿರಲಿ. ಆದರೆ ಉತ್ತರ ಕಾಯುತ್ತ ಕೂರಬೇಡಿ. 1960ರ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ತಪ್ಪು ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ಒಂದೇ ದೂರಿನ ಪ್ರತಿಗಳನ್ನು ರಾಜ್ಯ ಮಂಡಳಿಗೆ, ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಮತ್ತು ಠಾಣೆಗೆ ಕೊಟ್ಟು ಮೂರರಲ್ಲೂ ಸ್ವೀಕೃತಿ ಪಡೆಯಿರಿ. ದೂರಿನಲ್ಲಿ ‘ತುಂಬಾ ಹಿಂಸೆ ಕೊಡ್ತಾರೆ’ ಎಂಬ ವಾಕ್ಯ ಕೆಲಸಕ್ಕೆ ಬಾರದು. ‘ಇಂಥ ದಿನ, ಇಂಥ ವಿಳಾಸದಲ್ಲಿ, 45 ದಿನದ ಮರಿ, ಚಿಪ್ ಇಲ್ಲ, ನೋಂದಣಿ ಪತ್ರ ತೋರಿಸಲಿಲ್ಲ’ ಎಂದು ಬರೆದರೆ ಅದು ಕೂತಲ್ಲೇ ಸಾಬೀತಾಗುವ ಸಂಗತಿ.

ಠಾಣೆಯಲ್ಲಿ ‘ಇದು ನಾನ್ ಕಾಗ್ನಿಜಬಲ್’, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡುವಂತಿಲ್ಲ ಎಂದು ಕೈ ಚೆಲ್ಲುವುದುಂಟು. ಕಾಯ್ದೆಯ ಬಹಳಷ್ಟು ತಪ್ಪುಗಳ ಮಟ್ಟಿಗೆ ಅದು ನಿಜ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಆದರೆ 34ನೇ ಸೆಕ್ಷನ್ ಪ್ರಕಾರ ಕಾನ್‌ಸ್ಟೇಬಲ್‌ಗಿಂತ ಮೇಲಿನ ಯಾವುದೇ ಅಧಿಕಾರಿ ಪ್ರಾಣಿಯನ್ನು ವಶಕ್ಕೆ ಪಡೆದು ಪರೀಕ್ಷೆಗೆ ಒಪ್ಪಿಸಬಹುದು. ನಾಯಿಯನ್ನು ಕೊಂದಿದ್ದರೆ, ಅಂಗ ಊನ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅನ್ವಯಿಸುತ್ತದೆ, ಶಿಕ್ಷೆ ಐದು ವರ್ಷದವರೆಗೆ. ಸಾಕಣೆ ನಿಯಮ ಮುರಿದದ್ದಕ್ಕೆ ಮಾತ್ರ ಶಿಕ್ಷೆ 100 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಒಂದು ಮರಿಯ ಬೆಲೆಯ ಮುಂದೆ ಆ ದಂಡ ಚಿಲ್ಲರೆ. ಹಾಗಾಗಿ ಮೋಸಹೋದವರು ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬೇಕು: ಎರಡು ವರ್ಷದೊಳಗೆ, ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಮರಿಯ ಬೆಲೆ, ಆಸ್ಪತ್ರೆಯ ಬಿಲ್ಲು ಎರಡನ್ನೂ ಕೇಳಬಹುದು. ಬ್ರೀಡರುಗಳಿಗೆ ಬಿಸಿ ಮುಟ್ಟುವುದು ಇಲ್ಲೇ.

ದಾಳಿ ನಡೆದರೆ ನಾಯಿಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ಮೊದಲೇ ಯೋಚಿಸಿರಬೇಕು. 2017ರ ಅದೇ ಮೇ 23ರಂದು ಬಂದ ಮತ್ತೊಂದು ನಿಯಮದ ಪ್ರಕಾರ, ಪ್ರಕರಣ ಮುಗಿಯುವವರೆಗೆ ವಶಪಡಿಸಿಕೊಂಡ ಪ್ರಾಣಿಗಳನ್ನು ದಯಾ ಸಂಘಕ್ಕೋ ಆಶ್ರಯತಾಣಕ್ಕೋ ಒಪ್ಪಿಸಿ, ಮೇವು-ಮದ್ದಿನ ಖರ್ಚನ್ನು ಆರೋಪಿಯಿಂದಲೇ ಬಾಂಡ್ ಬರೆಸಿ ವಸೂಲಿ ಮಾಡಬಹುದು. ಮೊದಲ ವಿಚಾರಣೆಯ ದಿನವೇ ಇದಕ್ಕೆ ಅರ್ಜಿ ಹಾಕದಿದ್ದರೆ, ನಾಯಿಗಳನ್ನು ಬಿಡಿಸಿಕೊಳ್ಳುವ ಅರ್ಜಿಯೊಂದಿಗೆ ಬ್ರೀಡರನ ವಕೀಲರು ಮುಂದೆ ನಿಂತಿರುತ್ತಾರೆ.