ಗದ್ದದಿಂದ ಪಾದಕ್ಕೆ ಇಳಿದ ಪಿಟೀಲು

ಬೆಳಗಾವಿ ಪೇಟಿಯ, ಅಂದರೆ ಹಾರ್ಮೋನಿಯಂನ ಊರು. ರಾಮಭಾವು ವಿಜಾಪುರೆಯವರು (1917–2010) ಹಲವು ತಲೆಮಾರಿಗೆ ಹಾರ್ಮೋನಿಯಂ ಕಲಿಸಿದ್ದು ಇಲ್ಲಿಯೇ. ಪೇಟಿಯ ಗುಣ ದೊಡ್ಡದು, ಆದರೆ ಅದರಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು, ಬರುವುದಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟದ್ದಕ್ಕೆ ಇದೂ ಒಂದು ಕಾರಣ. ಪಿಟೀಲಿಗೆ ಆ ಕೊರತೆಯಿಲ್ಲ. ಹಾಗಿದ್ದೂ ಅದು ಹಿಂದೂಸ್ತಾನಿ ಗಾಯನದ ಮುಖ್ಯ ಪ್ರಕಾರವಾದ ಖಯಾಲ್‌ಗೆ ಒಗ್ಗಿದ್ದು ತಡವಾಗಿ.

ದಕ್ಷಿಣದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಅದನ್ನು ಮೊದಲೇ ನಮ್ಮದಾಗಿಸಿದ್ದರು. 1834ರಲ್ಲಿ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ಪಿಟೀಲು ವಿದ್ವಾಂಸ ವಡಿವೇಲು ಅವರಿಗೆ ದಂತದ ಪಿಟೀಲನ್ನೇ ಕೊಟ್ಟರು. ಹಿಂದೂಸ್ತಾನಿಯಲ್ಲಿ ಅದು ನೆಲೆಯಾದದ್ದು 20ನೇ ಶತಮಾನದಲ್ಲಿ. ಪಿಟೀಲುವಾದಕ ಗಜಾನನರಾವ್ ಜೋಶಿ ಸ್ವತಃ ಗಾಯಕರು, ಗಾಯಕ ರಾಮಕೃಷ್ಣಬುವಾ ವಝೆಯವರ ಶಿಷ್ಯರು. ಪಿಟೀಲುವಾದಕರಾದ ಡಿ.ಕೆ. ದಾತಾರ್ ಅವರು ಗಾಯಕ ಡಿ.ವಿ. ಪಲುಸ್ಕರರಿಂದ, ಎನ್. ರಾಜಂ ಅವರು ಗಾಯಕ ಓಂಕಾರನಾಥ ಠಾಕೂರರಿಂದ ಕಲಿತರು. ಈ ವಾದ್ಯವನ್ನು ತಿದ್ದಿದ್ದು ಹಾಡುವವರ ಗಂಟಲು ಎಂಬುದು ಇಲ್ಲಿಯೇ ಕಾಣುತ್ತದೆ.

ಮೊದಲು ಬದಲಾದದ್ದು ಕೂರುವ ರೀತಿ. ಪಾಶ್ಚಾತ್ಯರು ಗದ್ದದಡಿ ಹಿಡಿಯುತ್ತಾರೆ. ನಮ್ಮಲ್ಲಿ ಚಕ್ಕಳಮಕ್ಕಳ ಕೂತು, ಬಲಪಾದ ಮುಂದೆ ಮಾಡಿ, ಪಿಟೀಲಿನ ಸುರುಳಿಯನ್ನು ಅದರ ಹರಡಿನ ಹತ್ತಿರ ಊರುತ್ತಾರೆ. ಇನ್ನೊಂದು ತುದಿ ಎದೆ-ಭುಜಕ್ಕೆ ಒರಗುತ್ತದೆ. ಎಡಗೈಗೆ ಭಾರವಿಲ್ಲದ ಕಾರಣ ಒಂದೇ ಬೆರಳು ಪಂಚಮದಿಂದ (ಪ) ತಾರ ಷಡ್ಜಕ್ಕೆ (ಮೇಲಿನ ಸ) ಸಲೀಸಾಗಿ ಜಾರುತ್ತದೆ. ಪಾದ ಅಲುಗಿದರೆ ಸ್ವರವೂ ಅಲುಗುತ್ತದೆ. ಹೊಸಬರ ಬೇಸೂರಿಗೆ ಎಷ್ಟೋ ಸಲ ಕಿವಿಯಲ್ಲ, ಕಾಲೇ ಕಾರಣ.

ಎರಡನೆಯದು ಶ್ರುತಿ. ಪಾಶ್ಚಾತ್ಯ ಕ್ರಮದಲ್ಲಿ ತಂತಿಗಳು ಜಿ, ಡಿ, ಎ, ಇ. ನಮ್ಮಲ್ಲಿ ಕೆಲವರು ಸ-ಪ-ಸ-ಪ, ಕೆಲವರು ಪ-ಸ-ಪ-ಸ ಕೂಡಿಸುತ್ತಾರೆ. ಬಿಳಿ ಎರಡರ (ಪೇಟಿಯ ಎರಡನೇ ಬಿಳಿ ಮನೆ, ಅಂದರೆ ಡಿ) ಷಡ್ಜಕ್ಕೆ ಪ-ಸ-ಪ-ಸ ಮಾಡಬೇಕಾದರೆ ಜಿ ತಂತಿಯನ್ನು ಎ ತನಕ ಏರಿಸಬೇಕು, ಬಿಗಿತ ಸುಮಾರು 26% ಹೆಚ್ಚುತ್ತದೆ. ಇ ತಂತಿಯನ್ನು ಡಿಗೆ ಇಳಿಸಿದರೆ ಸುಮಾರು 20% ಸಡಿಲ. ತಂತಿ ಬಿಗಿಯುವ ಬಿರಡೆ ತಿರುವಿದಂತೆಲ್ಲ ತಂತಿ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ಸೇತುವೆ) ತಲೆಯನ್ನು ಬೆರಳುಹಲಗೆಯ ಕಡೆ ಎಳೆಯುತ್ತದೆ. ಆಗಾಗ ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮಾಡದಿದ್ದರೆ ಕುದುರೆ ಮಗುಚಿ ಬೀಳುತ್ತದೆ.

ಕಮಾನಿನದು ಬೇರೆಯೇ ಪಾಠ. ಮೀಂಡಿನ ನಡುವೆ ಕಮಾನು ತಿರುಗಿದರೆ ಎಳೆ ಹರಿಯಿತು. ಅದಕ್ಕೆ ಒಂದೇ ಸ್ವರವನ್ನು 10–12 ಸೆಕೆಂಡು ಒಂದೇ ಎಳೆತದಲ್ಲಿ ನಿಲ್ಲಿಸುವ ಅಭ್ಯಾಸ ಬೇಕು. ಹಿಡಿಯ ಬಳಿ ಕಮಾನು ಭಾರ, ತುದಿಯಲ್ಲಿ ಹಗುರ. ತುದಿ ಬಂದಂತೆ ತೋರುಬೆರಳಿನ ಒತ್ತು ಹೆಚ್ಚಬೇಕು, ಇಲ್ಲವಾದರೆ ದನಿ ಸಾಯುತ್ತದೆ.

ಹವೆಯೂ ಕಾಡುತ್ತದೆ. ವಿಜಯಪುರದ ಬಿಸಿಲಿಗೆ ಬಿರಡೆ ಒಣಗಿ ಜಾರುತ್ತದೆ, ಬೆಳಗಾವಿಯ ಮಳೆಗೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಹಾಗೆಂದು ನಾಲ್ಕೂ ತಂತಿಗಳನ್ನು ಒಮ್ಮೆಗೇ ಬಿಚ್ಚಬಾರದು. ಪಿಟೀಲಿನ ಒಳಗಿನ ಸೌಂಡ್ ಪೋಸ್ಟ್ ಎಂಬ ಪುಟ್ಟ ಮರದ ಕಡ್ಡಿ ನಿಂತಿರುವುದು ಅಂಟಿನಿಂದಲ್ಲ, ತಂತಿಗಳ ಒತ್ತಿನಿಂದ.